ಇರ್ಪು ಮೇಲಿನ ಮಡುಗಳಿಗೆ ಮೀನು ಬಿಡಬಹುದಾ?

ಶ್ರೀಮಂಗಲದ ಓದುಗರೊಬ್ಬರು ಬರೆದಿದ್ದಾರೆ: “ಇರ್ಪು ಜಲಪಾತದ ಮೇಲ್ಗಡೆ, ಬ್ರಹ್ಮಗಿರಿ ಅಭಯಾರಣ್ಯದೊಳಗೆ ಒಳ್ಳೊಳ್ಳೆ ಮಡುಗಳಿವೆ. ನೀರು ಸುಮ್ನೆ ಹರಿದು ಹೋಗುತ್ತಿದೆ. ನಮ್ಮ ಹುಡುಗರು ಕಾಟ್ಲಾ, ಮಹಶೀರ್ ಮರಿ ಬಿಡೋಣ ಅಂತಿದ್ದಾರೆ. ಅಮೆರಿಕದಲ್ಲಿ ಬೆಟ್ಟದ ಸರೋವರಗಳಿಗೆ ವಿಮಾನದಿಂದಲೇ ಮೀನು ಸುರಿಯುತ್ತಾರಂತೆ. ನಾವು ಮಾಡಿದರೆ ತಪ್ಪೇನು?”

ಪ್ರಿಯ ಓದುಗರೇ,

ಹುಡುಗರ ಉತ್ಸಾಹ ದೊಡ್ಡದು. ಆದರೆ ಈ ಕೆಲಸ ಬೇಡ ಅಂತ ದಯವಿಟ್ಟು ಅವರಿಗೆ ಹೇಳಿ.

ಅಮೆರಿಕದ ಸುದ್ದಿ ನಿಜ. ಸಿಯೆರಾ ನೆವಾಡ ಬೆಟ್ಟಗಳ ಎತ್ತರದ ಸರೋವರಗಳಿಗೆ ಮೀನು ತಾನಾಗಿ ಹತ್ತಿ ಬಂದಿರಲಿಲ್ಲ, ಕೆಳಗೆ ಜಲಪಾತಗಳು ಅಡ್ಡ ಇದ್ದವು. ಗಾಳ ಹಾಕುವವರಿಗಾಗಿ ಮೊದಲು ಹೇಸರಗತ್ತೆ ಮೇಲೆ, ಆಮೇಲೆ ವಿಮಾನದಲ್ಲಿ ಟ್ರೌಟ್ ಎಂಬ ಮೀನು ತಂದು ಬಿಟ್ಟರು. ಅಲ್ಲೊಂದು ಹಳದಿ ಕಾಲಿನ ಕಪ್ಪೆ ಇದೆ. ಅದರ ಗೊದಮೊಟ್ಟೆ ಬೆಳೆದು ಕಪ್ಪೆಯಾಗಲು ಎರಡು ಮೂರು ವರ್ಷ ಬೇಕು. ಚಳಿಗಾಲದಲ್ಲಿ ಆಳವಿಲ್ಲದ ನೀರು ತಳದವರೆಗೂ ಹೆಪ್ಪುಗಟ್ಟುವುದರಿಂದ ಅದು ಬದುಕುಳಿಯಲು ಆಳವಾದ ಸರೋವರವೇ ಬೇಕು, ಗೊದಮೊಟ್ಟೆ ತಿನ್ನುವ ಟ್ರೌಟ್ ಇರುವುದೂ ಅಲ್ಲೇ. ಮೀನು ಬಿಟ್ಟ ಕಡೆಯೆಲ್ಲ ಕಪ್ಪೆ ಕಾಣೆಯಾಗುತ್ತಾ ಬಂತು. ಜೊತೆಗೆ ರೋಗವೂ ಬಡಿಯಿತು. ಅದೇ ಬೆಟ್ಟಗಳ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ 1991ರಲ್ಲಿ ಮೀನು ಬಿಡುವುದನ್ನು ನಿಲ್ಲಿಸಿದರು. ಬಲೆ ಹಾಕಿ ಮೀನು ತೆಗೆದ ಸರೋವರಗಳಲ್ಲಿ ಕಪ್ಪೆಗಳು ಮತ್ತೆ ಹೆಚ್ಚಿದವು. ಹೌದು, ಅಮೆರಿಕದ ಇನ್ನೊಂದು ರಾಷ್ಟ್ರೀಯ ಉದ್ಯಾನವಾದ ನಾರ್ತ್ ಕ್ಯಾಸ್ಕೇಡ್ಸ್‌ನ ಕೆಲವು ಸರೋವರಗಳಿಗೆ ಇಂದಿಗೂ ಬಿಡಬಹುದು. ಆದರೆ 2014ರ ಕಾನೂನಿನ ಪ್ರಕಾರ ಅದು ಅಲ್ಲಿನದೇ ಮೀನಾಗಿರಬೇಕು, ಇಲ್ಲವೇ ಮರಿ ಹಾಕಲಾರದ ಮೀನಾಗಿರಬೇಕು.

ಇನ್ನು ನಮ್ಮ ಹೊಳೆಗೆ ಬನ್ನಿ. ಪಶ್ಚಿಮ ಘಟ್ಟದ ಇಂಥ ತೊರೆಗಳಲ್ಲಿ ಕುಣಿಯುವ ಕಪ್ಪೆಗಳಿವೆ. ಹೆಬ್ಬೆರಳಿನಷ್ಟು ಗಾತ್ರ. ನೀರಿನ ಸದ್ದಿನಲ್ಲಿ ಕೂಗು ಕೇಳಿಸದು ಅಂತ ಗಂಡು ಒದ್ದೆ ಕಲ್ಲಿನ ಮೇಲೆ ಕೂತು ಹಿಂಗಾಲು ಚಾಚಿ, ಬೆರಳು ಬಿಡಿಸಿ ತೋರಿಸುತ್ತದೆ. ಇವುಗಳ ಗೊದಮೊಟ್ಟೆಗಳು ತೊರೆಯ ಮರಳಿನೊಳಗೆ ಹೂತುಕೊಂಡು ಬೆಳೆಯುತ್ತವೆ ಎಂದು ಲೋಕಕ್ಕೆ ಗೊತ್ತಾಗಿದ್ದೇ 2016ರಲ್ಲಿ. ಅಂಥ ತಳವನ್ನು ಕೆದಕಿ ತಿನ್ನುವ ದೊಡ್ಡ ಮೀನನ್ನು ಅಲ್ಲಿ ಬಿಟ್ಟರೆ ಏನಾದೀತು, ಹೇಳಿ.

ಮಹಶೀರ್ ನಮ್ಮದೇ ಮೀನಲ್ವಾ ಅಂತೀರಿ. ಯಾವ ಮಹಶೀರ್? ಕಾವೇರಿಯದ್ದು ಗೂನುಬೆನ್ನಿನ ಮಹಶೀರ್, ಐವತ್ತು ಕಿಲೋ ದಾಟಿ ಬೆಳೆಯುತ್ತಿದ್ದ ಮೀನು. ಹಿಂದೆ ಮೀನು ಉಳಿಸಬೇಕೆಂಬ ಒಳ್ಳೆ ಮನಸ್ಸಿನಿಂದಲೇ ಕೃಷ್ಣಾ ಕಣಿವೆಯ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಲೋಣಾವಳದಲ್ಲಿ ಬೆಳೆಸಿ ಕಾವೇರಿಗೂ ತಂದು ಬಿಟ್ಟರು. ಅವು ಹೆಚ್ಚಿದವು, ನಮ್ಮವು ಕರಗಿದವು. 2018ರಲ್ಲಿ ಗೂನುಬೆನ್ನಿನದನ್ನು ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಗೆ ಸೇರಿಸಿದರು. ಮರಳು ದಂಧೆ, ಡೈನಮೈಟ್, ಅಣೆಕಟ್ಟುಗಳ ಪಾಲೂ ಇದೆ, ಆದರೂ ಇದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಇರ್ಪು ಮೇಲೆ ಬಿಟ್ಟ ಮರಿಯೂ ಮುಂಗಾರಿನಲ್ಲಿ ಲಕ್ಷ್ಮಣತೀರ್ಥಕ್ಕೆ ಇಳಿದು ಕಾವೇರಿಗೇ ಸೇರುತ್ತದೆ.

ಕಾನೂನಿನ ಮಾತು ಜಾಸ್ತಿ ಬೇಡ. 1972ರ ವನ್ಯಜೀವಿ ಕಾಯ್ದೆ ಇದೆ, ಅನುಮತಿಯಿಲ್ಲದೆ ಅಭಯಾರಣ್ಯದಲ್ಲಿ ಇಂಥದ್ದಕ್ಕೆ ಕೈಹಾಕಿದರೆ ಹುಡುಗರ ಮೇಲೆ ಕೇಸು ಬೀಳಬಹುದು.

ಮೀನು ಸಾಕುವ ಆಸೆಯಿದ್ದರೆ ಕಾಫಿ ತೋಟದ ಕೆರೆಗಳಿವೆ. ಕಾಟ್ಲಾ, ರೋಹು ಬಲಿತ ಬಿತ್ತನೆ ಮರಿ ಅಲ್ಲಿ ಬಿಡಲಿ. ಮಳೆಗೆ ಮುಂಚೆ ಕೋಡಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ, ಕಸ ಕಟ್ಟಿಕೊಳ್ಳದ ಹಾಗೆ ಆಗಾಗ ನೋಡಿಕೊಳ್ಳಬೇಕು. ಬೇಗ ಬೆಳೆಯುತ್ತದೆ ಅಂತ ಯಾರಾದರೂ ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಕೊಡಲು ಬಂದರೆ ತಗೊಳ್ಳಬೇಡಿ. ಅದನ್ನು ಸಾಕುವುದೇ ನಿಷೇಧ.

– ಸಂಪಾದಕ