1963ರಲ್ಲೇ ಅಮೆರಿಕದ ಶಸ್ತ್ರಚಿಕಿತ್ಸಕ ಥಾಮಸ್ ಸ್ಟಾರ್ಜ್ಲ್ ಯಕೃತ್ತಿನ ಕಸಿ ಮಾಡಿದ್ದರೂ ಅದು ಸಾಮಾನ್ಯ ಚಿಕಿತ್ಸೆಯಾಗಲು ಇಪ್ಪತ್ತು ವರ್ಷ ಏಕೆ ಹಿಡಿಯಿತು?

ಮೊದಲ ಅಡ್ಡಿ ರಕ್ತಸ್ರಾವ. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ತಯಾರಿಸುವುದೇ ಯಕೃತ್ತು. ಅದು ಕೆಟ್ಟಿದ್ದರೆ ಕತ್ತರಿ ತಾಗಿದಲ್ಲೆಲ್ಲ ರಕ್ತ ಜಿನುಗುತ್ತದೆ. ಡೆನ್ವರ್‌ನಲ್ಲಿ ಮೊದಲ ಕಸಿಗೆ ಒಳಗಾದ ಮೂರು ವರ್ಷದ ಮಗು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ತೀರಿಕೊಂಡಿತು. ರಕ್ತ ನಿಲ್ಲಿಸಲು ಹೊರಟರೆ ಮತ್ತೊಂದು ಗಂಡಾಂತರ: ಹಳೆಯ ಯಕೃತ್ತು ತೆಗೆದ ಹೊತ್ತಿನಲ್ಲಿ ಕಾಲು, ಕರುಳುಗಳ ರಕ್ತವನ್ನು ಹೃದಯದತ್ತ ಸಾಗಿಸುವ ಪ್ಲಾಸ್ಟಿಕ್ ಕೊಳವೆಯಲ್ಲಿ ಹೆಪ್ಪು ಕಟ್ಟಿ ಶ್ವಾಸಕೋಶ ಸೇರುತ್ತಿತ್ತು. ಸ್ಟಾರ್ಜ್ಲ್ ಕೆಲಕಾಲ ಕಸಿಯನ್ನೇ ನಿಲ್ಲಿಸಿದರು; ಆ ಧೈರ್ಯ ದೊಡ್ಡದು. 1967ರಲ್ಲಿ ಕಸಿ ಪಡೆದ ಮಗುವೊಂದು ವರ್ಷಕ್ಕೂ ಹೆಚ್ಚು ಬದುಕಿತು.

ಆದರೂ ದೇಹ ಹೊಸ ಅಂಗವನ್ನು ತಿರಸ್ಕರಿಸುವುದನ್ನು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್, ಸ್ಟೀರಾಯ್ಡ್ ಔಷಧಗಳು ಪೂರ್ತಿ ತಡೆಯಲಿಲ್ಲ. 1980ರಲ್ಲಿ ಅವರು ಅದೇ ಬಗೆಯ ಸೈಕ್ಲೋಸ್ಪೋರಿನ್ ಔಷಧದ ಜೊತೆ ಸ್ಟೀರಾಯ್ಡ್ ಕೊಡತೊಡಗಿದ ಮೇಲೆ ಒಂದು ವರ್ಷ ದಾಟುವವರ ಪ್ರಮಾಣ ದುಪ್ಪಟ್ಟಾಯಿತು. 1989ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಇಂಥದ್ದೇ ಮತ್ತೊಂದು ಔಷಧ ಟ್ಯಾಕ್ರೋಲಿಮಸ್ ಬಳಕೆಗೆ ಬಂತು. ಇದು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು, ಆದ್ದರಿಂದ ರಕ್ತದಲ್ಲಿನ ಮಟ್ಟ ಅಳೆದೇ ಪ್ರಮಾಣ ನಿರ್ಧರಿಸುತ್ತಾರೆ.