ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ ಬರೀ ಜಗಳ, ಹೊರಗೆ ಬಂದುಬಿಡಲೇ?

ನೀರು, ರಸ್ತೆ, ಕಸದ ವಿಷಯ ಮಾತಾಡಲು ಮಾಡಿದ ಗುಂಪಿನಲ್ಲಿ ಈಗ ಬೈಗುಳವೇ ಜಾಸ್ತಿ, ಬಿಟ್ಟುಬಿಡಲೇ ಅಂತ ಕೇಳಿದ್ದೀರಿ. ನಾನು ಮಂಗಳೂರಿನವಳು, ಇಂಥದ್ದೇ ಒಂದು ಗುಂಪಿನ ಅಡ್ಮಿನ್. ಈಗಲೇ ಬಿಡಬೇಡಿ ಮಾರಾಯ್ರೆ.

ಬೈಗುಳಕ್ಕಿಂತ ನನಗೆ ನೋವಾಗುವುದು ಬೇರೆ. ತೋಡಿನಲ್ಲಿ, ಅಂದರೆ ಮಳೆನೀರು ಹರಿಯುವ ಕಾಲುವೆಯಲ್ಲಿ, ಕಸ ಕಟ್ಟಿದೆ ಅಂತ ಯಾರೋ ಫೋಟೋ ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ಮಾತು ಆ ಬೀದಿಯಲ್ಲಿ ಯಾವ ಧರ್ಮದವರಿದ್ದಾರೆ ಅನ್ನುವಲ್ಲಿಗೆ ಬಂದಿರುತ್ತದೆ. ಫೋಟೋ ಹಾಕಿದವರು ಮತ್ತೆ ಬಾಯಿ ಬಿಡುವುದಿಲ್ಲ. ತೋಡು ಹಾಗೇ ಉಳಿಯುತ್ತದೆ, ಜೋರು ಮಳೆ ಬಂದಾಗ ನೀರು ಎಲ್ಲರ ಅಂಗಳಕ್ಕೂ ನುಗ್ಗುತ್ತದೆ. 2019ರ ಆಗಸ್ಟ್‌ನಲ್ಲಿ ನಮ್ಮ ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಯಲ್ಲಿ ಕಸದ ರಾಶಿ ಮಳೆಗೆ ಜಾರಿ ಪಕ್ಕದ ಮಂದಾರ ಅನ್ನುವ ಜಾಗದ ಮನೆ, ತೋಟಗಳತ್ತ ಬಂತಲ್ಲ, ಅದು ಇಡೀ ಊರಿನ ಕಸ. ನಿಮ್ಮದೂ ಇತ್ತು, ನನ್ನದೂ ಇತ್ತು.

ಎದುರಿಗೆ ಸಿಕ್ಕಿದರೆ ಇದೇ ಜನ ಹೀಗೆ ಮಾತಾಡುವವರಲ್ಲ. ನಮ್ಮ ಮೀನು ಮಾರ್ಕೆಟಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲ ಕಿವಿಗೆ ಬೀಳುತ್ತದೆ. ಎದುರಿನವರ ಭಾಷೆಗೆ ನಾಲಿಗೆ ತಾನಾಗಿ ತಿರುಗುತ್ತದೆ. ಅವರ ಮುಖ ಸಣ್ಣಗಾದರೆ ನಮ್ಮ ಮಾತೂ ಅಲ್ಲೇ ನಿಲ್ಲುತ್ತದೆ. ಫೋನಿನಲ್ಲಿ ಆ ಮುಖ ಕಾಣುವುದಿಲ್ಲ, ಅಲ್ವಾ?

ಇನ್ನು ಫಾರ್ವರ್ಡ್. ಅದನ್ನು ಸುಮ್ನೆ ಕಳಿಸಿದ್ದು ಅನ್ನಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ಸುದ್ದಿ ನಂಬಿದ ಜನ ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸುವುದಾಗಿ ಹೇಳಿತು. 2020ರಿಂದ, ಕೈಯಿಂದ ಕೈಗೆ ತುಂಬಾ ಸುತ್ತಿದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು. ಅದಕ್ಕೆ ಜೋಡಿ ಬಾಣದ ಗುರುತು ಇರುತ್ತದೆ. ನಮ್ಮ ಗುಂಪಿನಲ್ಲಿ ಜೋಡಿ ಬಾಣದ್ದು ಏನೇ ಬಂದರೂ ತೆಗೆಯುತ್ತೇನೆ, ದೇವರ ಫೋಟೋ ಆದರೂ ಸರಿ. ಯಾರೊಬ್ಬರಿಗೂ ವಿನಾಯಿತಿ ಇಲ್ಲ, ಹಾಗಾಗಿ ಪಕ್ಷಪಾತ ಅನ್ನಲು ಯಾರಿಗೂ ಜಾಗವಿಲ್ಲ.

ನಿಮ್ಮ ಅಡ್ಮಿನ್ ಕೇಸಿಗೆ ಹೆದರುತ್ತಿದ್ದರೆ ಇದನ್ನು ಹೇಳಿ: ಸದಸ್ಯರೊಬ್ಬರು ಏನೋ ಹಾಕಿದರು ಅನ್ನುವ ಒಂದೇ ಕಾರಣಕ್ಕೆ ಅಡ್ಮಿನ್ ತಪ್ಪಿತಸ್ಥರಾಗುವುದಿಲ್ಲ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಆದರೆ ಬೇರೆಯವರ ಸಂದೇಶವನ್ನು ಎಲ್ಲರ ಫೋನಿನಿಂದ ಅಳಿಸುವ ಸೌಲಭ್ಯ ಅಡ್ಮಿನ್‌ಗೆ ಇದೆ. ಅದನ್ನು ಬಳಸಲಿ. ದ್ವೇಷ ಹುಟ್ಟಿಸುವಂಥದ್ದನ್ನು ಬರೆದವರ ಮೇಲೆ, ಹಂಚಿದವರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 196, 353ನೇ ಸೆಕ್ಷನ್‌ಗಳಲ್ಲಿ ಕೇಸ್ ಆಗಬಹುದು, ಮೂರು ವರ್ಷದವರೆಗೆ ಜೈಲು ಇದೆ.

ಜಗಳ ತೆಗೆದವರಿಗೆ ಗುಂಪಿನಲ್ಲೇ ಬುದ್ಧಿ ಹೇಳಬೇಡಿ. ಎಲ್ಲರ ಎದುರು ತಿದ್ದಲು ಹೋದರೆ ಹಠ ಹೆಚ್ಚುತ್ತದೆ. ಫೋನ್ ಮಾಡಿ, ಹತ್ತಿರದವರಾದರೆ ಮನೆಗೇ ಹೋಗಿ. ಸುಮ್ಮನಾದವರಿಗೂ ಫೋನ್ ಮಾಡಿ, ನಿಮ್ಮ ದೂರು ಏನಾಯಿತು ಅಂತ ಕೇಳಿ. ಇದು ತುಂಬಾ ಮುಖ್ಯ, ಯಾಕೆಂದರೆ ಅವರು ಹೋದರೆ ಗುಂಪಿನಲ್ಲಿ ಉಳಿಯುವುದು ಕೂಗಾಡುವವರು ಮಾತ್ರ.

ಅಡ್ಮಿನ್ನೇ ಕಿಚ್ಚು ಹಚ್ಚುವವರಾದರೆ ಮಾತ್ರ ಹೊರಗೆ ಬನ್ನಿ. ಬರುವಾಗ ಆ ತೋಡಿನ ಫೋಟೋ ಹಾಕಿದವರ ನಂಬರ್ ಇಟ್ಟುಕೊಳ್ಳಿ. ಇಬ್ಬರೂ ಸೇರಿ ಪಾಲಿಕೆಗೆ ಲಿಖಿತ ದೂರು ಕೊಡಿ.