ಎಸ್‌ಆರ್-22 ಮುಗಿದರೂ ಪ್ರೀಮಿಯಂ ಇಳಿಯದೇಕೆ?

ಪ್ರಶ್ನೆ: 2022ರ ಜೂನ್‌ನಲ್ಲಿ ಡಿಯುಐ ಪ್ರಕರಣದಲ್ಲಿ, ಅಂದರೆ ಕುಡಿದು ಕಾರು ಓಡಿಸಿದ್ದಕ್ಕೆ, ನನಗೆ ಶಿಕ್ಷೆಯಾಯಿತು. ಮೂರು ವರ್ಷದ ಎಸ್‌ಆರ್-22 ಅವಧಿ ಈಗ ಮುಗಿದಿದೆ. ಆದರೂ ಕಾರು ವಿಮೆಯ ರಿನ್ಯೂವಲ್ ಬಿಲ್ ಹೆಚ್ಚುಕಡಿಮೆ ಮೊದಲಿನಷ್ಟೇ ಬಂದಿದೆ. ಕಂಪನಿಯವರು ಮೋಸ ಮಾಡುತ್ತಿದ್ದಾರೆಯೇ? *ಕ್ಯಾಲಿಫೋರ್ನಿಯಾದ ಓದುಗರು*

ಉತ್ತರ: ಮೋಸವಲ್ಲ. ಎಸ್‌ಆರ್-22 ಎಂಬುದು ವಿಮೆಯೇ ಅಲ್ಲ. ನಿಮ್ಮ ಹೆಸರಿನಲ್ಲಿ ಕಾನೂನು ಕೇಳುವಷ್ಟು ವಿಮೆ ಚಾಲ್ತಿಯಲ್ಲಿದೆ ಎಂದು ಕಂಪನಿ ಡಿಎಂವಿಗೆ, ಅಂದರೆ ರಾಜ್ಯದ ಮೋಟಾರು ವಾಹನ ಇಲಾಖೆಗೆ, ಸಲ್ಲಿಸುವ ಪ್ರಮಾಣಪತ್ರ ಅದು. ಅದರ ಶುಲ್ಕ ಸಾಮಾನ್ಯವಾಗಿ 25 ಡಾಲರ್ ಆಸುಪಾಸು. ಅವಧಿ ಮುಗಿದಾಗ ನಿಮಗೆ ಉಳಿತಾಯವಾಗುವುದೂ ಅಷ್ಟೇ. ಪ್ರೀಮಿಯಂ ಏರಿಸಿದ್ದು ಶಿಕ್ಷೆಯ ದಾಖಲೆ, ಅದರ ಗಡುವೇ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಡಿಯುಐ 10 ವರ್ಷ ಚಾಲನಾ ದಾಖಲೆಯಲ್ಲಿ ಉಳಿಯುತ್ತದೆ. 1988ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 103 ಎಂಬ ಕಾನೂನಿನ ಪ್ರಕಾರ ಅರ್ಹ ಚಾಲಕರಿಗೆ ಕನಿಷ್ಠ ಶೇ. 20ರ ‘ಗುಡ್ ಡ್ರೈವರ್’ ರಿಯಾಯಿತಿ ಸಿಗಲೇಬೇಕು. ಡಿಯುಐ ಶಿಕ್ಷೆಯಾದವರಿಗೆ ಮಾತ್ರ ಹತ್ತು ವರ್ಷ ಅದಿಲ್ಲ. ನಿಮ್ಮ ಲೆಕ್ಕದಲ್ಲಿ ಅದು 2032ರ ಜೂನ್.

ಇನ್ನೊಂದು ಕಾರಣವೂ ಇರಬಹುದು. 2025ರ ಜನವರಿ 1ರಿಂದ ಆ ರಾಜ್ಯದ ಕನಿಷ್ಠ ಲಯಬಿಲಿಟಿ (ನಿಮ್ಮಿಂದ ಬೇರೆಯವರಿಗಾದ ಹಾನಿಗೆ ವಿಮೆ ಕೊಡುವ ಪರಿಹಾರ) ಮಿತಿ 15/30/5ರಿಂದ 30/60/15ಕ್ಕೆ ಏರಿತು: ಒಬ್ಬರಿಗೆ ಗಾಯವಾದರೆ 30 ಸಾವಿರ ಡಾಲರ್, ಒಂದು ಅಪಘಾತದ ಗಾಯಾಳುಗಳಿಗೆಲ್ಲ ಸೇರಿ 60 ಸಾವಿರ, ಆಸ್ತಿ ಹಾನಿಗೆ 15 ಸಾವಿರ. ನಿಮ್ಮದು ಕನಿಷ್ಠ ಮಿತಿಯ ಪಾಲಿಸಿಯಾಗಿದ್ದರೆ ಆ ಏರಿಕೆಯ ಖರ್ಚೂ ಬಿಲ್ಲಿನಲ್ಲಿ ಸೇರಿರುತ್ತದೆ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಹಳೆಯ ಡಿಯುಐಗೆ ಒಂದು ಕಂಪನಿ ಕೊಡುವ ತೂಕವನ್ನು ಇನ್ನೊಂದು ಕೊಡುವುದಿಲ್ಲ. ಎಸ್‌ಆರ್-22 ಇದ್ದಾಗ ನಿಮ್ಮನ್ನು ಹತ್ತಿರ ಸೇರಿಸದ ಕಂಪನಿಗಳು ಈಗ ಕೋಟ್ ಕೊಡಬಹುದು. ರಿನ್ಯೂವಲ್‌ಗೆ ಒಂದು ತಿಂಗಳು ಮುಂಚೆಯೇ ನಾಲ್ಕೈದು ಕಡೆ ಒಂದೇ ಮಿತಿ, ಒಂದೇ ಡಿಡಕ್ಟಿಬಲ್ (ನಷ್ಟದಲ್ಲಿ ನೀವೇ ಭರಿಸುವ ಪಾಲು) ಹೇಳಿ ಕೇಳಿ. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಡಿಯುಐ ಮುಚ್ಚಿಡಬೇಡಿ. ಕಂಪನಿ ಡಿಎಂವಿ ದಾಖಲೆ ತರಿಸಿಕೊಂಡ ಕೂಡಲೇ ಕೋಟ್ ಬದಲಾಗುತ್ತದೆ, ಪಾಲಿಸಿಯೇ ರದ್ದಾಗಲೂಬಹುದು.

ಆಮೇಲೆ ಪಾಲಿಸಿಯ ಮೊದಲ ಪುಟ ತೆಗೆದು, ವರ್ಷಕ್ಕೆ ಎಷ್ಟು ಮೈಲಿ ಎಂದು ಬರೆದಿದೆ ನೋಡಿ. ಇದನ್ನು ನೋಡುವವರೇ ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ ದರ ಕಟ್ಟುವಾಗ ಚಾಲನಾ ದಾಖಲೆಯ ನಂತರದ ಸ್ಥಾನ ಮೈಲಿಗೆ, ಅದರ ನಂತರ ಚಾಲನಾ ಅನುಭವದ ವರ್ಷಗಳಿಗೆ. ಆಫೀಸಿಗೆ ಹೋಗಿಬರುತ್ತಿದ್ದಾಗ ಬರೆಸಿದ 12,000 ಮೈಲಿ ಹಾಗೇ ಉಳಿದಿದ್ದು, ಈಗ ಮನೆಯಿಂದಲೇ ಕೆಲಸ ಮಾಡುತ್ತ 6,000 ಓಡಿಸುತ್ತಿದ್ದರೆ, ಓಡೋಮೀಟರ್‌ನ ಫೋಟೊ ಕಳಿಸಿ ತಿದ್ದಿಸಿ. ದಾಖಲೆ ತಿದ್ದುವುದು ನಿಮ್ಮ ಕೈಯಲ್ಲಿಲ್ಲ, ಮೈಲಿ ಇದೆ.

ಪ್ರಶ್ನೆ: ಎಸ್‌ಆರ್-22 ತಾನಾಗಿಯೇ ನಿಂತುಹೋಗುತ್ತದೆಯೇ, ನಾವೇನಾದರೂ ಮಾಡಬೇಕೇ? *ಟೆಕ್ಸಸ್‌ನ ಓದುಗರು*

ಉತ್ತರ: ತಾನಾಗಿ ನಿಲ್ಲುತ್ತದೆಂದು ನಂಬಬೇಡಿ. ಮೊದಲು ದಿನಾಂಕ ಖಚಿತ ಮಾಡಿಕೊಳ್ಳಿ. ಹೆಚ್ಚಿನ ರಾಜ್ಯಗಳಲ್ಲಿ ಮೂರು ವರ್ಷ, ಟೆಕ್ಸಸ್‌ನಲ್ಲಿ ಶಿಕ್ಷೆಯಾದ ದಿನದಿಂದ ಎರಡು ವರ್ಷ. ಪಾಲಿಸಿ ಕೊಂಡ ದಿನದಿಂದ ಎಣಿಸುವವರು, ಬಂಧನವಾದ ದಿನದಿಂದ ಎಣಿಸುವವರು ಇಬ್ಬರೂ ತಪ್ಪುತ್ತಾರೆ. ಲೈಸೆನ್ಸ್ ನೋಡಿಕೊಳ್ಳುವ ಡಿಪಿಎಸ್‌ನಲ್ಲಿ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಇಟ್ಟುಕೊಳ್ಳಿ. ಆ ದಿನ ದಾಟಿದ ಮೇಲೆ ಕಂಪನಿಗೆ ಪತ್ರ ಅಥವಾ ಇಮೇಲ್ ಬರೆದು ಫೈಲಿಂಗ್ ತೆಗೆಸಿ. ತೆಗೆಸಬೇಕಾದ್ದು ಫೈಲಿಂಗ್ ಮಾತ್ರ, ಪಾಲಿಸಿಯನ್ನಲ್ಲ.

ಎಡವುವುದು ಇಲ್ಲೇ. ಅವಧಿ ಮುಗಿಯುವ ಮುಂಚೆ ಪಾಲಿಸಿ ರದ್ದಾದರೆ, ಅದು ಕಂತು ಕಟ್ಟಲು ಮರೆತದ್ದರಿಂದಲೇ ಆಗಿರಲಿ, ಕಂಪನಿ ಎಸ್‌ಆರ್-26 ಎಂಬ ರದ್ದತಿ ಸೂಚನೆಯನ್ನು ರಾಜ್ಯಕ್ಕೆ ಕಳಿಸುತ್ತದೆ. ಲೈಸೆನ್ಸ್ ಮತ್ತೆ ಅಮಾನತಾಗುತ್ತದೆ. ಹಲವು ರಾಜ್ಯಗಳಲ್ಲಿ ಅವಧಿಯ ಎಣಿಕೆಯೇ ಮೊದಲಿಂದ ಶುರುವಾಗುತ್ತದೆ. ನಡುವೆ ಕಂಪನಿ ಬದಲಿಸುವುದಿದ್ದರೆ ಹೊಸ ಕಂಪನಿಯ ಎಸ್‌ಆರ್-22 ಮೊದಲು ರಾಜ್ಯಕ್ಕೆ ತಲುಪಲಿ, ಆಮೇಲೆ ಹಳೆಯದನ್ನು ಬಿಡಿ. ಪಾಲಿಸಿಗಳು ಸಾಮಾನ್ಯವಾಗಿ ರಾತ್ರಿ 12:01ಕ್ಕೆ ಶುರುವಾಗಿ 12:01ಕ್ಕೇ ಮುಗಿಯುತ್ತವೆ. ಹಳೆಯದು 14ನೇ ತಾರೀಖು ಮುಗಿದು ಹೊಸದು 15ಕ್ಕೆ ಶುರುವಾದರೆ ನಡುವೆ ಪೂರ್ತಿ ಒಂದು ದಿನ ನಿಮಗೆ ವಿಮೆಯೇ ಇರುವುದಿಲ್ಲ. ಎರಡಕ್ಕೂ 14 ಎಂದೇ ಬರೆಸಿ.

ಬೇರೆ ರಾಜ್ಯಕ್ಕೆ ಮನೆ ಬದಲಿಸಿದರೂ ಹಳೆಯ ರಾಜ್ಯದ ಕಟ್ಟುಪಾಡು ನಿಮ್ಮ ಬೆನ್ನಿಗಿರುತ್ತದೆ.

ಪ್ರಶ್ನೆ: ಎಫ್‌ಆರ್-44ಗಾಗಿ, ಅಂದರೆ ಡಿಯುಐ ಆದವರಿಂದ ಫ್ಲೋರಿಡಾ ಕೇಳುವ ಹೆಚ್ಚು ಮಿತಿಯ ವಿಮಾ ಪ್ರಮಾಣಪತ್ರಕ್ಕಾಗಿ, ಮೂರು ವರ್ಷ 100/300/50 ಮಿತಿಗೆ ಹಣ ಕಟ್ಟಿದೆ. ಈಗ ಕನಿಷ್ಠ ಮಿತಿಗೆ ಇಳಿಸಬಹುದೇ? *ಫ್ಲೋರಿಡಾದ ಓದುಗರು*

ಉತ್ತರ: ಕಾನೂನು ತಡೆಯುವುದಿಲ್ಲ. ಫ್ಲೋರಿಡಾದಲ್ಲಿ ಸಾಮಾನ್ಯ ಚಾಲಕರಿಗೆ ಬೇಕಾದ್ದು 10 ಸಾವಿರ ಡಾಲರ್‌ನ ಪಿಐಪಿ (ಅಪಘಾತದಲ್ಲಿ ನಿಮಗೇ ಆದ ಗಾಯದ ಚಿಕಿತ್ಸೆಗೆ ವಿಮೆ), 10 ಸಾವಿರದ ಆಸ್ತಿ ಹಾನಿ ವಿಮೆ, ಅಷ್ಟೇ. ಆದರೂ ಇಳಿಸಬೇಡಿ ಎಂದೇ ನಮ್ಮ ಸಲಹೆ. ನಿಮ್ಮಿಂದ ಒಬ್ಬರಿಗೆ ಪೆಟ್ಟಾದರೆ ಅವರ ಆಸ್ಪತ್ರೆ ಬಿಲ್ ನಿಮ್ಮ ಉಳಿತಾಯಕ್ಕೇ ಬಂದು ನಿಲ್ಲುತ್ತದೆ. ಜೊತೆಗೆ, ಹೊಸ ಕೋಟ್ ಕೊಡುವಾಗ ಹಲವು ಕಂಪನಿಗಳು ಹಿಂದಿನ ಪಾಲಿಸಿಯ ಮಿತಿ ಎಷ್ಟಿತ್ತು ಎಂದು ನೋಡುತ್ತವೆ, ಹೆಚ್ಚು ಮಿತಿ ಇಟ್ಟುಕೊಂಡವರಿಗೆ ದರ ಇಳಿಸುತ್ತವೆ. ಮೂರು ವರ್ಷ ದುಬಾರಿ ಬೆಲೆ ತೆತ್ತು ಗಳಿಸಿದ ಅನುಕೂಲವದು. ಖರ್ಚು ತಗ್ಗಿಸಲೇಬೇಕೆಂದರೆ ಕೊಲಿಷನ್ (ಡಿಕ್ಕಿಯಲ್ಲಿ ನಿಮ್ಮ ಕಾರಿಗಾದ ಹಾನಿಯ ವಿಮೆ) ಡಿಡಕ್ಟಿಬಲ್ 500ರಿಂದ 1,000 ಡಾಲರ್‌ಗೆ ಏರಿಸಿ. ಸಾಲವಿಲ್ಲದ ಹಳೆಯ ಕಾರಾದರೆ ಕೊಲಿಷನ್ನನ್ನೇ ಬಿಡಿ.

ಪ್ರಶ್ನೆ: ಎಸ್‌ಆರ್-22 ಅವಧಿ ಮುಗಿಯಲು ಎಂಟು ತಿಂಗಳಿದೆ, ಕಾರು ಮಾರಿಬಿಟ್ಟೆ. ವಿಮೆ ನಿಲ್ಲಿಸಲೇ? *ಇಲಿನಾಯ್‌ನ ಓದುಗರು*

ಉತ್ತರ: ಬೇಡ. ನಾನ್-ಓನರ್ ಪಾಲಿಸಿ ಕೊಂಡು ಅದಕ್ಕೆ ಎಸ್‌ಆರ್-22 ಸೇರಿಸಿ. ಆಗೀಗ ಬೇರೆಯವರ ಕಾರು ಓಡಿಸುವಾಗಿನ ಲಯಬಿಲಿಟಿಗೆ ಮಾತ್ರ ಇದು, ಆದ್ದರಿಂದ ಸಾಮಾನ್ಯವಾಗಿ ಅಗ್ಗ. ನಿಮ್ಮ ಮನೆಯವರದೇ ಕಾರನ್ನು ದಿನವೂ ಓಡಿಸುತ್ತಿದ್ದರೆ ಮಾತ್ರ ಇದು ನಡೆಯುವುದಿಲ್ಲ. ಆ ಕಾರಿನ ಪಾಲಿಸಿಯಲ್ಲೇ ನಿಮ್ಮ ಹೆಸರು ಚಾಲಕರಾಗಿ ಸೇರಬೇಕು.